ಯುದ್ಧದ ಛಾಯಾಚಿತ್ರಗಳ ಸಾಕ್ಷ್ಯ

ಛಾಯಾಚಿತ್ರವು ಸುಳ್ಳಾಡುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಚರಿತ್ರಕಾರನೊಬ್ಬನು ಒಂದು ಕಾಳಗವನ್ನು ಹತ್ತು ಪುಟಗಳಲ್ಲಿ ವರ್ಣಿಸಿದರೆ, ಅವನು ಯಾವ ಪಕ್ಷದವನು, ಯಾರ ಉಪ್ಪನ್ನು ಉಂಡವನು ಎಂದು ಒಡನೆ ವಿಚಾರಿಸುತ್ತೇವೆ. ಅದೇ ಕಾಳಗದ ಒಂದು ಚಿತ್ರವನ್ನು ಮುಂದಿಟ್ಟರೆ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಯಂತ್ರಕ್ಕೆ ಪಕ್ಷಪಾತವೆಲ್ಲಿಯದು? ಬೆಳಕು ವಸ್ತುವಿನ ಮೇಲೆ ಬಿದ್ದಿತು, ಅಲ್ಲಿಂದ ಮಸೂರವನ್ನು ಹೊಕ್ಕಿತು, ಫಲಕದ ಮೇಲೆ ಗುರುತು ಮಾಡಿತು. ಇದರಲ್ಲಿ ಮನುಷ್ಯನು ನಡುವೆ ಕೈಹಾಕಿದಂತೆ ತೋರುವುದಿಲ್ಲ. ಈ ನಂಬಿಕೆಯನ್ನೇ ಈ ದಿನ ಪರಿಶೀಲಿಸಬೇಕೆಂದಿದ್ದೇನೆ. ಚಿತ್ರವನ್ನು ತೋರಿಸಲಾರದ ಯಂತ್ರದ ಮುಂದೆ ಕುಳಿತು ಚಿತ್ರವನ್ನು ಕುರಿತು ಮಾತನಾಡುವುದು ವಿಚಿತ್ರವೇ ಸರಿ. ಆದರೆ ಇದರಲ್ಲೊಂದು ಅನುಕೂಲವೂ ಉಂಟು: ಕಣ್ಣೆದುರಿಗಿದ್ದರೆ ಚಿತ್ರವು ನಮ್ಮನ್ನು ವಿಚಾರಮಾಡಗೊಡುವುದಿಲ್ಲ.

ನಮ್ಮ ತಾರ್ಕಿಕರು ಪ್ರಮಾಣಗಳನ್ನು ವಿಂಗಡಿಸುವಾಗ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬಿವುಗಳನ್ನು ಬೇರೆ ಬೇರೆಯಾಗಿ ಎಣಿಸಿರುವರಷ್ಟೆ. ಛಾಯಾಚಿತ್ರವನ್ನು ನಾವು ಹಿಂದುಮುಂದು ನೋಡದೆ ಪ್ರತ್ಯಕ್ಷದ ಪಂಕ್ತಿಯಲ್ಲಿ ಕುಳ್ಳಿರಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದರ ಸ್ಥಾನ ಅದಲ್ಲ. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವೆವಲ್ಲ, ಆ ಹೊಗೆಯ ಸ್ಥಾನ ಅದರದು. ಹೊಗೆ ನಿಜ, ಬೆಂಕಿಯಿಲ್ಲದೆ ಅದು ಹುಟ್ಟಿಲ್ಲವೆಂಬುದೂ ನಿಜ, ಆದರೆ ಬೆಂಕಿಯನ್ನು ಹಚ್ಚಿದವನಾರು, ಏತಕ್ಕೆ ಹಚ್ಚಿದನು ಎಂಬುದನ್ನು ಹೊಗೆ ಹೇಳಲಾರದು. ಚಿತ್ರದ ಕೆಳಗಿನ ಅಡಿಬರಹವಂತೂ ಶುದ್ಧ ಶಬ್ದಪ್ರಮಾಣ. ಅದನ್ನು ಬರೆದವನು ಆಪ್ತನೋ ಅಲ್ಲವೋ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಒಪ್ಪತಕ್ಕದ್ದಲ್ಲ. ಈ ಮೂರನ್ನೂ ಕಲಸಿ ಒಂದೇ ತುತ್ತಾಗಿ ನುಂಗುವುದರಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುವುವು.

ನಮ್ಮ ದೇಶದ್ದೇ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ೧೮೫೭ರ ಮಹಾಸಂಗ್ರಾಮವನ್ನು ಕುರಿತ ಪುಸ್ತಕಗಳಲ್ಲಿ ಅದು ಪದೇ ಪದೇ ಕಾಣಬರುತ್ತದೆ, ನೀವೂ ನೋಡಿರಬಹುದು. ಹಿನ್ನೆಲೆಯಲ್ಲಿ ಕಂಬಗಳುಳ್ಳ ಒಂದು ಶಿಥಿಲ ಮಂದಿರ. ಅದರ ಮುಂದೆ ನಾಲ್ಕಾರು ಮಂದಿ ದೇಶೀಯರು, ಒಂದು ಕುದುರೆ. ಅಂಗಳದ ತುಂಬ ಚೆಲ್ಲಿರುವುದು ಮನುಷ್ಯರ ಎಲುಬುಗಳು, ತಲೆಬುರುಡೆಗಳು. ಇದು ಲಖನೌ ನಗರದ ಸಿಕಂದರ್ ಬಾಗ್. ಚಿತ್ರವನ್ನು ತೆಗೆದವನು ಇಟಲಿ ಮೂಲದ ಫೆಲಿಚೆ ಬಿಯಾತೊ. ೧೮೫೭ನೆಯ ನವೆಂಬರ್ ೧೬ರಂದು ಸರ್ ಕಾಲಿನ್ ಕ್ಯಾಂಬೆಲ್ಲನ ಸೇನೆ ಈ ತೋಟದ ಗೋಡೆಯನ್ನು ಒಡೆದು ಒಳನುಗ್ಗಿ, ಅಲ್ಲಿ ಸಿಕ್ಕಿಬಿದ್ದ ಸಿಪಾಯಿಗಳನ್ನು ಕೊಂದಿತು. ಸತ್ತವರು ಸುಮಾರು ಎರಡು ಸಾವಿರವೆಂದು ಎಣಿಕೆ. ಚಿತ್ರವನ್ನು ಕಂಡವನಿಗೆ, ಇದೇ ಆ ದಿನ, ಇವರೇ ಆ ಎರಡು ಸಾವಿರ ಎನ್ನಿಸುತ್ತದೆ.

ಆದರೆ ಎಲುಬುಗಳನ್ನೇ ವಿಚಾರಿಸಿರಿ. ನೆನ್ನೆ ಬಿದ್ದ ಹೆಣವು ಈ ದಿನ ಬರಿಯ ಎಲುಬಾಗಿರುವುದಿಲ್ಲ. ಮಾಂಸವು ಕರಗಿ ಬುರುಡೆ ಬೆಳ್ಳಗಾಗಬೇಕಾದರೆ ತಿಂಗಳುಗಳೇ ಹಿಡಿಯುವುವು. ಆದಕಾರಣ, ಬೇರೆ ಯಾವ ಗ್ರಂಥವನ್ನೂ ನೋಡದೆಯೇ, ಈ ಚಿತ್ರವು ಕಾಳಗದ ದಿನದ್ದಲ್ಲವೆಂದು ಹೇಳಬಹುದು. ಗ್ರಂಥಗಳು ಇದನ್ನು ಸಮರ್ಥಿಸುತ್ತವೆ. ಬಿಯಾತೊ ಕಲ್ಕತ್ತೆಗೆ ಬಂದಿಳಿದುದೇ ೧೮೫೮ನೆಯ ಫೆಬ್ರವರಿಯಲ್ಲಿ. ನವೆಂಬರಿನಲ್ಲಿ ಕ್ಯಾಂಬೆಲ್ಲನು ಮುತ್ತಿಗೆಯಲ್ಲಿದ್ದವರನ್ನು ಬಿಡಿಸಿಕೊಂಡು ನಗರವನ್ನು ಬಿಟ್ಟು ಹೊರಟುಹೋಗಿದ್ದನು. ಲಖನೌ ಪುನಃ ಇಂಗ್ಲಿಷರ ವಶವಾದುದು ೧೮೫೮ನೆಯ ಮಾರ್ಚಿಯಲ್ಲಿ. ಚಿತ್ರಕಾರನು ಅಲ್ಲಿ ಕಾಲಿಟ್ಟುದು ಆ ಮೇಲೆ. ಇನ್ನೊಂದು ಸಾಕ್ಷಿಯಿದೆ. ಆ ಕಾಲದಲ್ಲಿ ಲಖನೌನಲ್ಲಿ ಅಧಿಕಾರಿಯಾಗಿದ್ದ ಸರ್ ಜಾರ್ಜ್ ಕ್ಯಾಂಬೆಲ್ ಎಂಬಾತನು ೧೮೯೩ರಲ್ಲಿ ಪ್ರಕಟವಾದ ತನ್ನ ಸ್ಮರಣಗ್ರಂಥದಲ್ಲಿ, ಹೆಣಗಳ ರಾಶಿಯನ್ನು ಆಗಲೇ ಮುಚ್ಚಿಬಿಟ್ಟಿದ್ದರೆಂದೂ, ಛಾಯಾಚಿತ್ರಕಾರನು ಹಟ ಹಿಡಿದು ಅದನ್ನು ಮತ್ತೆ ತೆರೆಯಿಸಿ ಚಿತ್ರ ತೆಗೆದನೆಂದೂ ಹೇಳಿರುವನು. ಬಿಯಾತೊನ ಸ್ವಭಾವವನ್ನು ನೋಡಿದರೆ ಇದು ಅಸಂಭವವೇನಲ್ಲ. ಎರಡು ವರ್ಷಗಳ ತರುವಾಯ, ೧೮೬೦ನೆಯ ಆಗಸ್ಟ್‌ನಲ್ಲಿ, ಚೀಣ ದೇಶದ ಟಾಕು ಕೋಟೆಗಳು ಬಿದ್ದಾಗಲೂ, ತನ್ನ ಚಿತ್ರ ಮುಗಿಯುವವರೆಗೆ ಹೆಣಗಳನ್ನು ಅಲುಗಿಸಬೇಡಿರೆಂದು ಅವನು ಬೇಡಿಕೊಂಡುದನ್ನು ರೆನ್ನಿ ಎಂಬ ಸೇನಾವೈದ್ಯನು ಬರೆದಿಟ್ಟಿರುವನು.

ಹಾಗಾದರೆ ಈ ಚಿತ್ರ ಸುಳ್ಳೆಂದು ಆಚೆಗೆಸೆಯಬೇಕೆ? ಹಾಗೆ ಮಾಡಿದರೆ ಮೊದಲಿನದಕ್ಕಿಂತಲೂ ದೊಡ್ಡ ತಪ್ಪಾದೀತು. ಅಂಗಳದಲ್ಲಿರುವ ಎಲುಬು ಮಣ್ಣಿನಲ್ಲಿ ಮಾಡಿದ್ದಲ್ಲ. ಆ ಬುರುಡೆಗಳು ಯಾರೋ ತಾಯಂದಿರು ಹೆತ್ತ ಮಕ್ಕಳವು. ಕೊಲೆ ನಡೆದುದು ನಿಜ. ಬದಲಾಗಬೇಕಾದುದು ನಾವು ಚಿತ್ರಕ್ಕೆ ಹಾಕುವ ಪ್ರಶ್ನೆ. ೧೮೫೭ನೆಯ ನವೆಂಬರಿನಲ್ಲಿ ಏನು ನಡೆಯಿತೆಂದು ಇದನ್ನು ಕೇಳಿದರೆ ಇದು ದುರ್ಬಲವಾದ ಸಾಕ್ಷಿ. ೧೮೫೮ರ ಬೇಸಗೆಯಲ್ಲಿ ಗೆದ್ದವರು ಏನನ್ನು ನೋಡಬಯಸಿದರು, ಯಾವುದನ್ನು ಇಂಗ್ಲೆಂಡಿನ ಮನೆಗಳಿಗೆ ಕೊಂಡೊಯ್ಯಲು ಯೋಗ್ಯವೆಂದು ತಿಳಿದರು ಎಂದು ಕೇಳಿದರೆ ಇದಕ್ಕಿಂತ ಉತ್ತಮವಾದ ಸಾಕ್ಷಿ ದೊರೆಯುವುದು ಕಷ್ಟ. ಸತ್ತ ಇಂಗ್ಲಿಷರ ಎಲುಬುಗಳನ್ನು ಹೀಗೆ ಹರಡಿ ಚಿತ್ರ ತೆಗೆಯಲು ಯಾರೂ ಒಪ್ಪುತ್ತಿರಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಡುವೆ ನಿಂತಿರುವ ಆ ದೇಶೀಯರನ್ನೂ ಮರೆಯತಕ್ಕದ್ದಲ್ಲ. ಅಂದಿನ ಫಲಕದಲ್ಲಿ ರೂಪ ಮೂಡಬೇಕಾದರೆ ಹಲವು ಕ್ಷಣಗಳು ಅಲುಗದೆ ನಿಲ್ಲಬೇಕಾಗಿದ್ದಿತು. ತಮ್ಮವರ ಎಲುಬುಗಳ ನಡುವೆ ಅವರನ್ನು ಯಾರೋ ನಿಲ್ಲಿಸಿದರು, ಅವರು ಅಲುಗದೆ ನಿಂತರು. ಅವರ ಹೆಸರನ್ನು ಚಿತ್ರವು ಹೇಳುವುದಿಲ್ಲ.

ಫಲಕದ ಮಾತು ಬಂದುದರಿಂದ ಅಂದಿನ ಉಪಕರಣವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಳಕೆಯಲ್ಲಿದ್ದುದು ಒದ್ದೆ ಕಲೋಡಿಯನ್ ಎಂಬ ವಿಧಾನ. ಗಾಜಿನ ಮೇಲೆ ಅಂಟಾದ ಒಂದು ದ್ರವವನ್ನು ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲೆಕೋಣೆಯಲ್ಲಿ ತೊಳೆಯಬೇಕಾಗಿದ್ದಿತು. ಕೆಲವು ನಿಮಿಷ ತಡವಾದರೆ ಫಲಕ ಕೆಟ್ಟಿತು. ಆದಕಾರಣ ಕತ್ತಲೆಕೋಣೆಯೂ ಚಿತ್ರಕಾರನ ಬೆನ್ನಹಿಂದೆಯೇ ಹೋಗಬೇಕು. ಓಡುವ ಕುದುರೆ, ಹಾರುವ ಗುಂಡು, ಬೀಳುವ ಯೋಧ ಇವಾವುವೂ ಆ ಫಲಕಕ್ಕೆ ದಕ್ಕುವಂತಿರಲಿಲ್ಲ. ಇದರಿಂದ ಹೊರಡುವ ನಿಯಮ ಸರಳವಾದದ್ದು: ಆ ಕಾಲದ ಚಿತ್ರವೊಂದರಲ್ಲಿ ಕಾಳಗವು ನಡೆಯುತ್ತಿರುವಂತೆ ಕಂಡುಬಂದರೆ, ಮೊದಲು ಸಂಶಯಪಡಿರಿ.

೧೮೫೫ರಲ್ಲಿ ಕ್ರಿಮಿಯದ ಯುದ್ಧಭೂಮಿಗೆ ಹೋದ ರೋಜರ್ ಫೆಂಟನ್ ಎಂಬ ಇಂಗ್ಲಿಷನು ದ್ರಾಕ್ಷಾಮದ್ಯದ ವ್ಯಾಪಾರಿಯೊಬ್ಬನ ಬಂಡಿಯನ್ನು ಕೊಂಡು, ಅದನ್ನೇ ಕತ್ತಲೆಕೋಣೆಯಾಗಿ ಮಾಡಿಕೊಂಡನು. ಅವನು ತಂದ ಚಿತ್ರಗಳು ಸುಮಾರು ೩೬೦. ಅವುಗಳಲ್ಲಿ ಲೋಕಪ್ರಸಿದ್ಧವಾದುದು ಒಂದು ಬರಡು ಕಣಿವೆಯದು. ಸೈನಿಕರು ಅದಕ್ಕೆ ಮೃತ್ಯುಚ್ಛಾಯೆಯ ಕಣಿವೆ ಎಂದು ಹೆಸರಿಟ್ಟಿದ್ದರು. ಒಬ್ಬ ಮನುಷ್ಯನಿಲ್ಲ, ಒಂದು ಹೆಣವಿಲ್ಲ. ದಾರಿಯ ಉದ್ದಕ್ಕೂ ಫಿರಂಗಿಯ ಗುಂಡುಗಳು ಮಾತ್ರ ಬಿದ್ದಿವೆ. ಎಷ್ಟೋ ಮಂದಿ ಇದನ್ನು ೧೮೫೪ರ ಅಶ್ವದಳದ ಪ್ರಸಿದ್ಧ ದಾಳಿ ನಡೆದ ಕಣಿವೆಯೆಂದು ಭಾವಿಸಿರುವರು. ಅದು ಬೇರೆ, ಇದು ಬೇರೆ. ಹೆಸರಿನ ಹೋಲಿಕೆ ಚರಿತ್ರೆಯಲ್ಲಿ ಎಷ್ಟು ಅನರ್ಥಗಳನ್ನು ಮಾಡುತ್ತದೆಂಬುದಕ್ಕೆ ಇದೊಂದು ಉದಾಹರಣೆ.

ಸ್ವಾರಸ್ಯವಿರುವುದು ಇನ್ನೊಂದರಲ್ಲಿ. ಫೆಂಟನ್ನನು ಅದೇ ಸ್ಥಳದಿಂದ, ಕ್ಯಾಮರವನ್ನು ಅಲುಗಿಸದೆ, ಎರಡು ಫಲಕಗಳನ್ನು ತೆಗೆದಿದ್ದನು. ಒಂದರಲ್ಲಿ ಗುಂಡುಗಳು ದಾರಿಯ ಮೇಲೆ ಹರಡಿವೆ. ಇನ್ನೊಂದರಲ್ಲಿ ದಾರಿ ಬರಿದಾಗಿದೆ, ಗುಂಡುಗಳು ಪಕ್ಕದ ಹಳ್ಳದಲ್ಲಿ ಮಾತ್ರ ಇವೆ. ಮೊದಲು ತೆಗೆದುದು ಯಾವುದು? ಬರಿಯ ದಾರಿ ಮೊದಲಿನದಾದರೆ, ಚಿತ್ರಕ್ಕೆ ಕಳೆಕಟ್ಟಲೆಂದು ಗುಂಡುಗಳನ್ನು ಯಾರೋ ತಂದು ಹರಡಿದರೆನ್ನಬೇಕು. ಗುಂಡುಗಳ ದಾರಿ ಮೊದಲಿನದಾದರೆ, ಸೈನಿಕರು ಮತ್ತೆ ಉಪಯೋಗಿಸಲೆಂದು ಅವುಗಳನ್ನು ಆಯ್ದುಕೊಂಡುಹೋಗಿರಬಹುದು. ವಿದ್ವಾಂಸರು ಬಹುಕಾಲ ಫೆಂಟನ್ನನ ಗುಣಶೀಲಗಳಿಂದ ಇದನ್ನು ತೀರ್ಮಾನಿಸಲೆತ್ನಿಸಿದರು. ಕೆಲವರಿಗೆ ಅವನು ಕಪಟಿ, ಕೆಲವರಿಗೆ ಪ್ರಾಮಾಣಿಕ. ೨೦೦೭ರಲ್ಲಿ ಅಮೆರಿಕದ ಎರಲ್ ಮಾರಿಸ್ ಎಂಬಾತನು ಈ ಪ್ರಶ್ನೆಯ ಬೆನ್ನುಹತ್ತಿ ಕ್ರಿಮಿಯಕ್ಕೇ ಹೋಗಿ ಕಣಿವೆಯನ್ನು ನೋಡಿಬಂದನು, ನೆರಳುಗಳನ್ನು ಅಳೆಯಿಸಿದನು, ಬಗೆಹರಿಯಲಿಲ್ಲ. ಕೊನೆಗೆ ಉತ್ತರ ದೊರೆತುದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲವು ಸಣ್ಣ ಕಲ್ಲುಗಳಿಂದ. ಎರಡು ಚಿತ್ರಗಳನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ ಇಳಿಜಾರಿನ ಹಲವು ಕಲ್ಲುಗಳು ಸ್ಥಳ ಬಿಟ್ಟಿದ್ದುವು. ದಾರಿ ಬರಿದಾಗಿರುವ ಚಿತ್ರದಲ್ಲಿ ಅವು ಮೇಲಿವೆ. ಗುಂಡುಗಳಿರುವ ಚಿತ್ರದಲ್ಲಿ ಕೆಳಕ್ಕೆ ಜಾರಿವೆ. ಜನ ಓಡಾಡಿದಾಗ ಕಾಲಿಗೆ ತಗಲಿ ಉರುಳುವ ಕಲ್ಲು ಕೆಳಮುಖವಾಗಿಯೇ ಉರುಳಬೇಕಲ್ಲದೆ, ಒಂದಲ್ಲ ಹಲವು ಕಲ್ಲುಗಳು ತಾವಾಗಿ ದಿಬ್ಬವನ್ನು ಏರಿರಲಾರವು. ಆದುದರಿಂದ ಬರಿಯ ದಾರಿಯೇ ಮೊದಲಿನದು.

ಈ ತರ್ಕದಲ್ಲಿ ನನಗೆ ಬಹು ಸಂತೋಷವನ್ನು ಕೊಡುವ ಅಂಶವೇನೆಂದರೆ, ಸಾಕ್ಷ್ಯವನ್ನು ನುಡಿದುದು ಚಿತ್ರಕಾರನು ತೋರಿಸಬೇಕೆಂದಿದ್ದ ವಸ್ತುವಲ್ಲ. ಗುಂಡುಗಳು ಅವನ ಉದ್ದೇಶಕ್ಕೆ ಒಳಪಟ್ಟಿದ್ದುವು. ಕಲ್ಲುಗಳ ಪರಿವೆ ಅವನಿಗೆ ಇರಲಿಲ್ಲ. ಅವು ತಾವಾಗಿ ಚಿತ್ರದೊಳಕ್ಕೆ ಬಂದುವು, ಆದುದರಿಂದಲೇ ನಿಜವನ್ನು ಹೇಳಿದುವು. ಆದರೂ ಅವು ಹೇಳಿದುದು ಎಷ್ಟು ಎಂಬುದನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಯಾವುದು ಮೊದಲು ಎಂಬುದನ್ನು ಹೇಳಿದುವು. ಗುಂಡುಗಳನ್ನು ಹರಡಿದವರಾರು, ಏಕೆ ಎಂಬುದನ್ನು ಹೇಳಲಿಲ್ಲ. ಅಮೆರಿಕದ ಅಂತರ್ಯುದ್ಧದ ಚಿತ್ರವೊಂದರಲ್ಲಿಯೂ ಹೀಗೆಯೇ ಆಯಿತು. ೧೮೬೩ರಲ್ಲಿ ಗೆಟ್ಟಿಸ್‌ಬರ್ಗಿನ ಬಂಡೆಗಳ ಸಂದಿಯಲ್ಲಿ ಸತ್ತುಬಿದ್ದ ಗುರಿಕಾರನೆಂದು ಗಾರ್ಡ್ನರನು ತೋರಿಸಿದ ಸೈನಿಕನು, ಬೇರೆ ಫಲಕಗಳಲ್ಲಿ ದೂರದ ಇಳಿಜಾರಿನಲ್ಲಿ ಬಿದ್ದಿರುವನು. ಬಂಡೆಗಳ ಗುರುತು ಹಿಡಿದು ಹೊಲವನ್ನೆಲ್ಲ ತಿರುಗಿ, ಹೆಣವನ್ನು ಹೊತ್ತು ತಂದಿಟ್ಟರೆಂಬುದನ್ನು ಫ್ರಾಸನಿಟೊ ಎಂಬ ವಿದ್ವಾಂಸನು ೧೯೭೫ರಲ್ಲಿ ವಿವರವಾಗಿ ತೋರಿಸಿಕೊಟ್ಟನು.

ಕೈಯಲ್ಲಿ ಹಿಡಿಯುವ ಕ್ಯಾಮರ ಬಂದ ಮೇಲೆ ಈ ತೊಡಕುಗಳೆಲ್ಲ ತೀರಿದುವೆಂದು ಯಾರಾದರೂ ಹೇಳಿಯಾರು. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಫ್ರಾಂಕ್ ಹರ್ಲೆ ಕಾಳಗದ ಭಯಂಕರತೆ ಒಂದೇ ಫಲಕದಲ್ಲಿ ಅಡಗುವುದಿಲ್ಲವೆಂದು ಹಲವು ನೆಗೆಟಿವ್‌ಗಳನ್ನು ಕೂಡಿಸಿ ಒಂದು ಚಿತ್ರವನ್ನು ಮಾಡಿದನು. ಚರಿತ್ರಕಾರನಾದ ಬೀನನು ಅವುಗಳನ್ನು ಖೋಟಾ ಎಂದನು. ಇಬ್ಬರಿಗೂ ೧೯೧೭ರಲ್ಲಿ ದೊಡ್ಡ ಜಗಳವೇ ಆಯಿತು. ನಮ್ಮವರಿಗೆ ಹತ್ತಿರದ ನಿದರ್ಶನ ಹೈಫಾ ನಗರದ್ದು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ದಳಗಳು ಭರ್ಜಿ ಹಿಡಿದು ಆ ನಗರವನ್ನು ಗೆದ್ದ ಕಥೆ ಮೈಸೂರಿನವರಿಗೆ ಹೊಸದಲ್ಲ. ಆ ಕಥೆಯ ಪಕ್ಕದಲ್ಲಿ ಅಚ್ಚಾಗುವ ಚಿತ್ರವೊಂದಿದೆ: ಭರ್ಜಿಗಳನ್ನು ನೆಟ್ಟಗೆ ಹಿಡಿದ ಸವಾರರು ಬೀದಿಯಲ್ಲಿ ಸಾಲಾಗಿ ಬರುತ್ತಿದ್ದಾರೆ. ನೋಡಿದವರು ಇದೇ ಆ ದಾಳಿಯೆಂದುಕೊಳ್ಳುತ್ತಾರೆ. ದಾಳಿಯಲ್ಲಿ ಕುದುರೆಗಳು ನಾಗಾಲೋಟದಲ್ಲಿರುವುವು, ಭರ್ಜಿಗಳು ಮುಂದಕ್ಕೆ ಬಾಗಿರುವುವು, ಎದುರಿಗೆ ನಿಲ್ಲುವ ಛಾಯಾಚಿತ್ರಕಾರನು ಬದುಕಿರುವುದಿಲ್ಲ. ಚಿತ್ರವು ಗೆದ್ದ ನಂತರದ ಮೆರವಣಿಗೆಯದು. ಹೀಗೆಂದರೆ ಅದರ ಬೆಲೆ ಕುಗ್ಗುವುದಿಲ್ಲ. ಕುದುರೆಯ ಸಜ್ಜು, ಭರ್ಜಿಯ ಉದ್ದ, ಬೀದಿಯ ಅಗಲ ಇವುಗಳಿಗೆ ಅದು ಒಳ್ಳೆಯ ಸಾಕ್ಷಿ. ಶೌರ್ಯಕ್ಕೆ ಸಾಕ್ಷಿ ಬೇಕಾದರೆ ದಳದ ದಿನಚರಿಯನ್ನೂ ಸತ್ತವರ ಪಟ್ಟಿಯನ್ನೂ ನೋಡಬೇಕು.

ಇಷ್ಟು ಹೊತ್ತು ಹೇಳಿದುದು ಚಿತ್ರವನ್ನು ಕುರಿತು. ಅಡಿಬರಹದಿಂದಾಗುವ ಹಾನಿ ಇದಕ್ಕಿಂತ ಹೆಚ್ಚಿನದು. ತರಗತಿಯಲ್ಲಿ ನಾನು ಅಡಿಬರಹವನ್ನು ಕಾಗದದಿಂದ ಮುಚ್ಚಿ ಚಿತ್ರವನ್ನು ತೋರಿಸುವುದುಂಟು. ಓದುವುದಕ್ಕೆ ಅಕ್ಷರವಿಲ್ಲದಿದ್ದಾಗ ವಿದ್ಯಾರ್ಥಿಗಳು ನೋಡಲು ತೊಡಗುತ್ತಾರೆ. ಜರ್ಮನಿಯಲ್ಲಿ ೧೯೯೫ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆಯು ಪೂರ್ವದ ದೇಶಗಳಲ್ಲಿ ನಡೆಸಿದ ಅಪರಾಧಗಳನ್ನು ತೋರಿಸುವ ಒಂದು ಪ್ರದರ್ಶನ ಏರ್ಪಟ್ಟಿತು. ಕೆಲವು ವರ್ಷಗಳ ಮೇಲೆ, ಅದರಲ್ಲಿದ್ದ ಕೆಲವು ಚಿತ್ರಗಳಲ್ಲಿನ ಹೆಣಗಳು ಜರ್ಮನರು ಕೊಂದವರವಲ್ಲ, ಅದಕ್ಕೆ ಮೊದಲು ೧೯೪೧ರಲ್ಲಿ ರಷ್ಯದ ಗುಪ್ತ ಪೋಲೀಸರು ಕೊಂದವರವೆಂದು ಪೋಲೆಂಡ್ ಮತ್ತು ಹಂಗೇರಿ ಮೂಲದ ಇಬ್ಬರು ವಿದ್ವಾಂಸರು ತೋರಿಸಿದರು. ೧೯೯೯ರಲ್ಲಿ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಚರಿತ್ರಕಾರರ ಸಮಿತಿಯೊಂದು ಎಲ್ಲವನ್ನೂ ಪರಿಶೀಲಿಸಿ ೨೦೦೦ದಲ್ಲಿ ವರದಿ ಮಾಡಿತು: ೧,೪೩೩ ಚಿತ್ರಗಳಲ್ಲಿ ಅಲ್ಲಿರಬಾರದವು ಇಪ್ಪತ್ತಕ್ಕಿಂತ ಕಡಮೆ, ಕೃತ್ರಿಮವೆಂಬುದು ಯಾವುದೂ ಇಲ್ಲ, ಮೂಲ ವಾದವು ಸರಿಯಾದದ್ದು. ಆದರೆ ಆ ಇಪ್ಪತ್ತಕ್ಕಿಂತ ಕಡಮೆಯ ತಪ್ಪುಗಳು ಉಳಿದ ಸಾವಿರದ ನಾನೂರನ್ನೂ ಅಲ್ಲಗಳೆಯಬೇಕೆಂದು ಕಾದಿದ್ದವರ ಕೈಗೆ ಕೋಲು ಕೊಟ್ಟಂತಾಯಿತು. ಸತ್ಪಕ್ಷದವರು ಅಡಿಬರಹದಲ್ಲಿ ಅಜಾಗರೂಕರಾಗುವುದು ಎಂದಿಗೂ ಕ್ಷಮ್ಯವಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಚಿತ್ರದಲ್ಲಿರುವವರ ಹೆಸರುಗಳೂ ಹೀಗೆಯೇ ಜಾರುತ್ತವೆ. ೧೯೪೫ನೆಯ ಫೆಬ್ರವರಿಯಲ್ಲಿ ಇವೊಜಿಮ ದ್ವೀಪದ ಬೆಟ್ಟದ ಮೇಲೆ ಅಮೆರಿಕದ ಆರು ಸೈನಿಕರು ಧ್ವಜವೆತ್ತಿದ ಚಿತ್ರವನ್ನು ನೋಡದವರಿಲ್ಲ. ಎಪ್ಪತ್ತು ವರ್ಷ ಕಳೆದ ಮೇಲೆ, ೨೦೧೬ರಲ್ಲಿ ಒಂದು ಹೆಸರನ್ನೂ ೨೦೧೯ರಲ್ಲಿ ಇನ್ನೊಂದು ಹೆಸರನ್ನೂ ಆ ಸೇನೆಯವರೇ ತಿದ್ದಬೇಕಾಯಿತು.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವಿದೆ. ಚಿತ್ರದಲ್ಲಿ ಎಲ್ಲವೂ ಇದ್ದು, ನೋಡುವವರು ಕಾಣದೆ ಹೋದ ಪ್ರಸಂಗ. ೧೯೪೪ನೆಯ ಏಪ್ರಿಲ್ ೪ರಂದು ದಕ್ಷಿಣ ಆಫ್ರಿಕದ ವಿಮಾನದಳದ ಒಂದು ವಿಮಾನವು ಇಟಲಿಯಿಂದ ಹೊರಟು, ಪೋಲೆಂಡಿನಲ್ಲಿ ಜರ್ಮನರು ಕಟ್ಟುತ್ತಿದ್ದ ಕೃತಕ ರಬ್ಬರು ಮತ್ತು ತೈಲದ ಕಾರ್ಖಾನೆಯ ಚಿತ್ರಗಳನ್ನು ಮೇಲಿನಿಂದ ತೆಗೆಯಿತು. ಕಾರ್ಖಾನೆಗೆ ಕೆಲವೇ ಮೈಲಿಗಳ ದೂರದಲ್ಲಿದ್ದುದು ಆಷ್‌ವಿಟ್ಸ್ ಬಂದೀಖಾನೆ. ಅದೂ ಫಿಲ್ಮಿನ ಅಂಚಿನಲ್ಲಿ ಬಂದಿತು. ಮುಂದಿನ ತಿಂಗಳುಗಳಲ್ಲಿ ವಿಮಾನಗಳು ಮತ್ತೆ ಮತ್ತೆ ಹಾರಿದುವು. ಆಗಸ್ಟ್ ೨೫ರ ಚಿತ್ರದಲ್ಲಿ ಜನರ ಸಾಲೊಂದು ದಹನಗೃಹದತ್ತ ಸಾಗುತ್ತಿರುವುದೂ ಅಡಗಿದ್ದಿತು. ಚಿತ್ರವನ್ನು ಪರೀಕ್ಷಿಸುವ ಅಧಿಕಾರಿಗಳಿಗೆ ಕಾರ್ಖಾನೆಯ ಕೊಳವೆಗಳನ್ನು ಎಣಿಸಿರೆಂದು ಅಪ್ಪಣೆಯಾಗಿದ್ದಿತು. ಅವರು ಅದನ್ನು ನಿಷ್ಠೆಯಿಂದ ಮಾಡಿದರು. ಮೂವತ್ತುನಾಲ್ಕು ವರ್ಷಗಳ ಮೇಲೆ, ೧೯೭೮ರಲ್ಲಿ, ಅಮೆರಿಕದ ಗೂಢಚಾರ ಇಲಾಖೆಯ ಬ್ರುಜಿಯೋನಿ ಮತ್ತು ಪೊಯಿರಿಯೆ ಎಂಬಿಬ್ಬರು ಅದೇ ಫಿಲ್ಮನ್ನು ತೆಗೆದು ನೋಡಿದಾಗ ದಹನಗೃಹಗಳೂ ಸಾಲುಗಳೂ ಗೋಚರಿಸಿದುವು. ಫಿಲ್ಮು ಬದಲಾಗಿರಲಿಲ್ಲ. ಬದುಕಿ ಬಂದವರ ಹೇಳಿಕೆಗಳೂ ಸ್ಥಳದ ನಕ್ಷೆಗಳೂ ಅಷ್ಟರಲ್ಲಿ ದೊರೆತಿದ್ದುವು. ಏನನ್ನು ಹುಡುಕಬೇಕೆಂಬುದು ಅವರಿಗೆ ತಿಳಿದಿದ್ದಿತು. ಆ ಹೇಳಿಕೆಗಳಿಲ್ಲದಿದ್ದರೆ ಅವು ಇಂದಿಗೂ ಯಾವುದೋ ಕೆಲವು ಛಾವಣಿಗಳಾಗಿಯೇ ಉಳಿಯುತ್ತಿದ್ದುವು.

ಇನ್ನು ತೆಗೆಯದ ಚಿತ್ರಗಳು, ತೆಗೆದರೂ ಹೊರಬರದ ಚಿತ್ರಗಳು. ಅಮೆರಿಕ ಯುದ್ಧಕ್ಕಿಳಿದುದು ೧೯೪೧ನೆಯ ಡಿಸೆಂಬರಿನಲ್ಲಿ. ಆದರೆ ಸತ್ತುಬಿದ್ದ ತನ್ನ ಸೈನಿಕರ ಚಿತ್ರವನ್ನು ಪತ್ರಿಕೆಯಲ್ಲಿ ನೋಡಲು ಅಲ್ಲಿಯ ಜನರಿಗೆ ಅವಕಾಶ ದೊರೆತುದು ೧೯೪೩ನೆಯ ಸೆಪ್ಟೆಂಬರಿನಲ್ಲಿ. ಆ ನಡುವಣ ಪತ್ರಿಕೆಗಳನ್ನು ಮಾತ್ರ ನೋಡುವವನಿಗೆ ಅವರಲ್ಲಿ ಯಾರೂ ಸಾಯಲಿಲ್ಲವೆಂದು ತೋರೀತು. ನಮ್ಮಲ್ಲಿ ಅದೇ ವರ್ಷ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದರು. ಬರ್ಮದ ಅಕ್ಕಿ ನಿಂತುಹೋಗಿದ್ದಿತು. ಶತ್ರುವಿಗೆ ಸಿಕ್ಕಬಾರದೆಂದು ಹಳ್ಳಿಗರ ದೋಣಿಗಳನ್ನು ಸರ್ಕಾರ ಕಸಿದುಕೊಂಡಿದ್ದಿತು. ಕ್ಷಾಮವೆಂಬ ಮಾತನ್ನು ಅಧಿಕಾರಿಗಳು ಬಾಯಿಬಿಟ್ಟು ಆಡುತ್ತಿರಲಿಲ್ಲ. ಪತ್ರಿಕೆಗಳ ಮೇಲಣ ಯುದ್ಧಕಾಲದ ಕಟ್ಟುಪಾಡುಗಳು ಬರಹವನ್ನು ಹಿಡಿದಿದ್ದುವು. ಚಿತ್ರವನ್ನು ಹಿಡಿಯುವುದನ್ನು ಮರೆತಿದ್ದುವು. ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ಸಂದಿಯನ್ನು ಕಂಡುಹಿಡಿದು, ೧೯೪೩ನೆಯ ಆಗಸ್ಟ್‌ನಲ್ಲಿ ಬೀದಿಯಲ್ಲಿ ಬಿದ್ದವರ ಚಿತ್ರಗಳನ್ನು ಅಚ್ಚುಹಾಕಿದನು. ಆ ಬಳಿಕ ಬಂಗಾಳದ ಸಂಗತಿಯನ್ನು ದೆಹಲಿಯಲ್ಲಿಯೂ ಲಂಡನಿನಲ್ಲಿಯೂ ಅಡಗಿಸಿಡುವುದು ಸಾಧ್ಯವಾಗಲಿಲ್ಲ. ಎಷ್ಟು ಜನ ಸತ್ತರೆಂಬುದನ್ನು ಆ ಚಿತ್ರಗಳು ಹೇಳುವುದಿಲ್ಲ. ೧೯೪೫ರ ವಿಚಾರಣಾ ಸಮಿತಿ ಸುಮಾರು ಹದಿನೈದು ಲಕ್ಷವೆಂದಿತು. ಆಮೇಲಿನ ವಿದ್ವಾಂಸರು ಇನ್ನೂ ಹೆಚ್ಚೆನ್ನುವರು. ಕಲ್ಕತ್ತೆಯ ಬೀದಿಗಳಷ್ಟೇ ಆ ಚಿತ್ರಗಳಲ್ಲಿರುವುದು. ಕ್ಯಾಮರ ಮುಟ್ಟದ ಹಳ್ಳಿಗಳಲ್ಲಿ ಸತ್ತವರು ಅದಕ್ಕಿಂತ ಹೆಚ್ಚು.

ಕೊನೆಯದಾಗಿ ಒಂದು ಬಿನ್ನಹ. ಮೆಸೊಪೊಟೇಮಿಯ, ಈಜಿಪ್ಟ್, ಬರ್ಮ ಮುಂತಾದ ಕಡೆಗಳಲ್ಲಿ ಸೇನೆಯಲ್ಲಿದ್ದವರ ಚಿತ್ರಗಳು ಮೈಸೂರು ಬೆಂಗಳೂರುಗಳ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಉಳಿದಿವೆ. ಚೌಕಟ್ಟಿಗೆ ಹೊಂದಲೆಂದು ಅವುಗಳ ಅಂಚನ್ನು ಕತ್ತರಿಸಬೇಡಿರಿ. ಪುಸ್ತಕದಲ್ಲಿ ಅಂಟಿನಿಂದ ಮೆತ್ತಬೇಡಿರಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಒಂದು ಸಂಖ್ಯೆ, ಅರ್ಧ ಅಳಿಸಿದ ಒಂದು ಹೆಸರು ಇದ್ದರೆ ಮೊದಲು ಅದನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಿರಿ, ತಪ್ಪಿದ್ದರೂ ತಿದ್ದದೆ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರು ಹೇಳಿದುದನ್ನು ಬೇರೆ ಕಾಗದದ ಮೇಲೆ ಬರೆದು, ಹೇಳಿದವರಾರು, ಯಾವ ದಿನ ಹೇಳಿದರು ಎಂಬುದನ್ನೂ ಕೆಳಗೆ ಸೇರಿಸಿರಿ. ಚಿತ್ರದ ಮೇಲೆ ಮಾತ್ರ ಮಸಿಯಿಂದ ಏನನ್ನೂ ಬರೆಯಬೇಡಿರಿ.